ದ್ವೀಪದ ಸ್ಟೇಶನ್ ಸಿಕ್ಕಿದ ಸಂಜೆ

"ಇವತ್ತು ಸಂಜೆ ಕಡಲಾಚೆಯ ಒಂದು ದ್ವೀಪವನ್ನೇ ಹಿಡಿದು ಈ ಮನೆಗೆ ತರ್ತೇನೆ!"

ಭಾನುವಾರ ಬೆಳಿಗ್ಗೆ ನೀರುದೋಸೆಯ ಎದುರು ಕೂತು ನಾನು ಹೀಗೆ ಘೋಷಿಸಿದಾಗ ಮನೆ ನಡುಗಬೇಕಿತ್ತು. ನಡುಗಲಿಲ್ಲ.

"ಬರುವಾಗ ಅರ್ಧ ಕಿಲೋ ನೀರುಳ್ಳಿ ಸಹ ತನ್ನಿ" ಎಂದಳು ನನ್ನ ಹೆಂಡತಿ ಶಶಿಪ್ರಭಾ.

ಸರ್ವೋತ್ತಮ ಎಂಬ ಹೆಸರಿಟ್ಟುಕೊಂಡು ನಾನು ಬಾಳುತ್ತಿರುವುದು ಇಂಥ ಮನೆಯಲ್ಲಿ! ನಮ್ಮ ಜಗಳವೆಲ್ಲ ನಡೆಯುವುದು ತುಳುವಿನಲ್ಲಿ. ನಿಮ್ಮ ಅನುಕೂಲಕ್ಕೆಂದು ಕನ್ನಡದಲ್ಲಿ ಬಡಿಸುತ್ತಿದ್ದೇನೆ. ಬಡಿಸುವಾಗ ಖಾರ ಅರ್ಧಕ್ಕರ್ಧ ಇಳಿದಿದೆ, ಕ್ಷಮಿಸಿ.

ಹೋಟೆಲುಗಳಿಗೆ ಪಾತ್ರೆ ಒದಗಿಸುವ ವ್ಯಾಪಾರವನ್ನು ಮಗ ಪೃಥ್ವಿರಾಜನಿಗೆ ಒಪ್ಪಿಸಿದ ಮೇಲೆ ನಾನು ಪೂರ್ಣಾವಧಿಗೆ ಹಿಡಿದುಕೊಂಡ ಹವ್ಯಾಸವೆಂದರೆ ರೇಡಿಯೋ ಕೇಳುವುದು. ಹಾಡು ಕೇಳುವುದೆಂದು ತಿಳಿಯಬೇಡಿ. ಹಾಡನ್ನು ಯಾರು ಬೇಕಾದರೂ ಕೇಳುತ್ತಾರೆ! ನಾನು ಕೇಳುವುದು ದೂರವನ್ನು. ಕತ್ತಲಾಗುತ್ತಿದ್ದಂತೆ ಮೀಡಿಯಂ ವೇವಿನಲ್ಲಿ ನೂರಾರು ಮೈಲಿ ಆಚೆಯ ಸ್ಟೇಶನ್‌ಗಳು ತೇಲಿಕೊಂಡು ಬರುತ್ತವೆ. ಮುಳ್ಳನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡುತ್ತ, ಗೊರಗೊರ ಸದ್ದಿನ ನಡುವಿನಿಂದ ಅವುಗಳನ್ನು ಹೆಕ್ಕಿ ತೆಗೆಯುವುದೇ ನಮ್ಮಂಥವರ ಬೇಟೆ. ಬೇಟೆ ಸಿಕ್ಕಿದ ಕೂಡಲೇ ರೆಕಾರ್ಡ್ ಮಾಡಿ 'ಅಲೆಬೇಟೆಗಾರರು' ಎಂಬ ನಮ್ಮ ವಾಟ್ಸಾಪ್ ಬಳಗದಲ್ಲಿ ಹಾಕಿ, ಉಳಿದವರ ಹೊಟ್ಟೆ ಉರಿಸಬೇಕು. ಅಲ್ಲಿಗೆ ಆ ದಿನ ಸಾರ್ಥಕ.

ನನಗೆ ಬಹುಕಾಲದಿಂದ ದಕ್ಕದೆ ಉಳಿದದ್ದು ಅರಬ್ಬಿ ಸಮುದ್ರದಾಚೆಯ ಒಂದು ಪುಟ್ಟ ದ್ವೀಪದ ಸ್ಟೇಶನ್. ಅದು ಕೂತಿರುವ ತರಂಗಾಂತರದಲ್ಲೇ ಇನ್ನೊಂದು ಮಹಾ ಬಲಾಢ್ಯ ಸ್ಟೇಶನ್ ಕಾಲು ಚಾಚಿ ಕೂತಿದೆ. ಮದುವೆ ಊಟದ ಪಂಕ್ತಿಯಲ್ಲಿ ದೊಡ್ಡ ಗಂಟಲಿನ ಮಾವನೊಬ್ಬ ಕೂತರೆ ಮೂಲೆಯಲ್ಲಿದ್ದವರ ಮಾತು ಕೇಳುತ್ತದೆಯೇ? ಮಾವ ಕೈ ತೊಳೆಯಲು ಎದ್ದು ಹೋಗಬೇಕು. ಆ ಭಾನುವಾರ ಸೂರ್ಯ ಮುಳುಗುವ ಹೊತ್ತಿಗೆ ಮಾವ ಏಳುವವನಿದ್ದ! ಟವರ್ ರಿಪೇರಿಗಾಗಿ ಆ ಬಲಾಢ್ಯ ಸ್ಟೇಶನ್ ಒಂದು ಗಂಟೆ ಬಂದ್ ಎಂದು ನಮ್ಮ ಬಳಗಕ್ಕೆ ಸುದ್ದಿ ಬಂದಿತ್ತು.

"ದ್ವೀಪ ಗೀಪ ಎಲ್ಲ ಇರಲಿ, ನನ್ನ ರೂಮಿನ ವಿಷಯ ಎಂತಾಯ್ತು?" ಎಂದಳು ಶಶಿಪ್ರಭಾ.

ಅವಳ ರೂಮಲ್ಲ, ನನ್ನದು! ಬಾಲ್ಕನಿಗೆ ಅಂಟಿಕೊಂಡ ಆ ಸಣ್ಣ ಕೋಣೆಯಲ್ಲಿ ನನ್ನ ರೇಡಿಯೋ, ಹೆಡ್‌ಫೋನು, ವೈರುಗಳು ಇವೆ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಶೀಟು ಹೊದ್ದು ಕೂತಿರುವುದು ಅವಳ ಕರೆಂಟಿನ ಹೊಲಿಗೆ ಮೆಷಿನು. ಮೂರನೇ ಮಾಳಿಗೆಯ ಗ್ಲ್ಯಾಡಿಸ್ ಮತ್ತು ನಾಲ್ಕನೇ ಮಾಳಿಗೆಯ ನಾಝಿಮಾ ಜೊತೆ ಸೇರಿ ರವಿಕೆ ಹೊಲಿದು ಕೊಡುವ ಉದ್ಯೋಗ ಆರಂಭಿಸಬೇಕೆಂದು ಅವಳು ಆ ಮೆಷಿನನ್ನು ತಂದು ವರ್ಷವಾಗುತ್ತ ಬಂದಿತ್ತು. ಆದರೆ ಅದು ತಿರುಗಿದರೆ ಸಾಕು, ನನ್ನ ರೇಡಿಯೋದಲ್ಲಿ ಗುರ್ರ್ ಎಂದು ಹುಲಿ ಹೊಕ್ಕಂತಾಗುತ್ತದೆ. ಹಾಗಾಗಿ ಸಂಜೆಯಾಯಿತೆಂದರೆ ನನ್ನ ಆಜ್ಞೆಗಳು ಹೊರಡುತ್ತವೆ: ಮೆಷಿನ್ ನಿಲ್ಲಿಸು! ಮಿಕ್ಸಿ ನಿಲ್ಲಿಸು! ಆ ಟ್ಯೂಬ್‌ಲೈಟ್ ಆರಿಸು! ಮಾತಾಡಬೇಡ!

"ಇಷ್ಟು ವರ್ಷದಲ್ಲಿ ಆ ಡಬ್ಬಿಯಲ್ಲಿ ಒಂದು ಮನುಷ್ಯರ ಸ್ವರ ಕೇಳಲಿಲ್ಲ ನಾನು. ಎಲ್ಲ ಗೊರಗೊರ. ಅದಕ್ಕೊಂದು ರೂಮು!" ಎಂದಳು.

"ಇವತ್ತು ಕೇಳ್ತದೆ!"

"ಕೇಳದಿದ್ರೆ?"

"ಕೇಳದಿದ್ರೆ ರೂಮು ನಿನಗೆ! ಕೇಳಿದ್ರೆ ಮತ್ತೆ ರೂಮಿನ ಸುದ್ದಿ ಎತ್ತಬಾರದು."

"ಆಯ್ತು. ಕಡಲಾಚೆಯ ಮನುಷ್ಯರ ಸ್ವರ. ಮರೀಬೇಡಿ" ಎಂದು ದೋಸೆ ಮಗುಚಿದಳು. ದೋಸೆ ಮಗುಚಿದ ರಭಸದಲ್ಲೇ ಕರಾರಿಗೆ ಮೊಹರು ಬಿದ್ದಿತೆನ್ನಿ.

ಅಷ್ಟರಲ್ಲಿ ಸೈಮನ್ ಫೋನ್ ಮಾಡಿದ. ವಾಮಂಜೂರಿನ ಗದ್ದೆ ಬದಿಯಲ್ಲಿ ಮನೆ ಕಟ್ಟಿಕೊಂಡಿರುವ ಅವನೂ ನಮ್ಮ ಬಳಗದ ಬೇಟೆಗಾರ.

"ಸರ್ವೋತ್ತಮಣ್ಣ, ಸಂಜೆ ಇಲ್ಲಿಗೇ ಬಾ ಮಾರಾಯ. ಗದ್ದೆಯಲ್ಲಿ ಕೂತ್ರೆ ಒಂದು ಗಲಾಟೆ ಇಲ್ಲ. ಕೊಡಿಯಾಲ್‌ಬೈಲಿನಲ್ಲಿ ಬಸ್ಸಿನ ಹಾರ್ನ್ ಬಿಟ್ರೆ ಎಂತ ಕೇಳ್ತದೆ ನಿನಗೆ?"

"ಗದ್ದೆಯಲ್ಲಿ ಯಾರು ಬೇಕಾದ್ರೂ ಹಿಡೀತಾರೆ. ಕೊಡಿಯಾಲ್‌ಬೈಲಿನ ನಡುವೆ ಕೂತು ಹಿಡಿದವ ಗಂಡಸು!" ಎಂದೆ. ಆಮೇಲೆ ಸ್ವರ ತಗ್ಗಿಸಿ ಸೇರಿಸಿದೆ: "ಆದ್ರೆ ನಮ್ಮ ಮನೆಯಲ್ಲೂ ಒಂದು ಪವರ್‌ಫುಲ್ ಸ್ಟೇಶನ್ ಉಂಟು ಮಾರಾಯ. ಅದೊಂದು ಬಂದ್ ಆದ್ರೆ ಸಾಕು, ನಾನು ಗೆದ್ದೆ!"

"ಯಾವ ಸ್ಟೇಶನ್?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು.

"ಅದು... ಹೊರದೇಶದ್ದು!" ಎಂದೆ.

ಈಗ ನನ್ನ ಮಹಾ ಯೋಜನೆಗೆ ಬರೋಣ. ನಮ್ಮ ಮನೆಯ ಸ್ವಿಚ್ ಆರಿಸಿದರೆ ಸಾಲದು. ಮೇಲಿನ ಪಂಪು, ಕೆಳಗಿನ ಟಿವಿ, ಪಕ್ಕದ ಮನೆಯ ಇನ್ವರ್ಟರು ಎಲ್ಲವೂ ನನ್ನ ರೇಡಿಯೋದೊಳಗೆ ಬಂದು ಕೆಮ್ಮುತ್ತವೆ. ಇಡೀ ಕಟ್ಟಡದ ಕರೆಂಟನ್ನೇ ತೆಗೆಯಬೇಕು! ನನ್ನಿಂದಾಗದೇ? ಐದು ಮಾಳಿಗೆಯ ಆ ಕಟ್ಟಡದ ಸಂಘಕ್ಕೆ ನಾನೇ ಸೆಕ್ರೆಟರಿ. ಮೀಟರ್ ಕೋಣೆಯ ಬೀಗದ ಕೈ ಇರುವುದು ನನ್ನ ಸೊಂಟದಲ್ಲಿ. 'ತುರ್ತು ಮೆಯಿಂಟೆನೆನ್ಸ್ ನಿಮಿತ್ತ ಇಂದು ಸೂರ್ಯಾಸ್ತದ ಹೊತ್ತಿಗೆ ವಿದ್ಯುತ್ ಇರುವುದಿಲ್ಲ, ಜನರೇಟರ್ ಕೂಡ ಇರುವುದಿಲ್ಲ, ಸಹಕರಿಸಿ' ಎಂದು ಕಟ್ಟಡದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಯಾವುದರ ಮೆಯಿಂಟೆನೆನ್ಸ್ ಎಂದು ಒಬ್ಬರೂ ಕೇಳಲಿಲ್ಲ. ನನ್ನ ಆಡಳಿತದ ಮೇಲೆ ಜನಕ್ಕೆ ಎಂಥ ವಿಶ್ವಾಸ ಎಂದು ಹಿಗ್ಗಿ ಹೀರೇಕಾಯಿಯಾದೆ! 'ನೀರು ಮಿತವಾಗಿ ಬಳಸಿ', 'ಚಪ್ಪಲಿ ಹೊರಗಿಡಬೇಡಿ', 'ಶುಭ ಮಂಗಳವಾರ' ಎಂದು ದಿನವಿಡೀ ಬರುವ ನನ್ನ ಸಂದೇಶಗಳನ್ನು ತಾಳಲಾರದೆ ಇಡೀ ಕಟ್ಟಡ ಆ ಗ್ರೂಪನ್ನು ಮ್ಯೂಟ್ ಮಾಡಿಟ್ಟಿದೆಯೆಂದು ನನಗೆ ಗೊತ್ತಾದದ್ದು ಆಮೇಲೆ. ಮ್ಯೂಟ್ ಮಾಡಿದವರಲ್ಲಿ ಮೊದಲಿಗಳು ನನ್ನ ಧರ್ಮಪತ್ನಿ.

ಇನ್ನೊಂದು ಕೆಲಸವಿತ್ತು. ಒಳ್ಳೆಯ ರೇಡಿಯೋಗೆ ಒಳ್ಳೆಯ ಅರ್ತಿಂಗ್ ಬೇಕು. ನಾನು ಟೆರೇಸು ಹತ್ತಿ, ಲಿಫ್ಟಿನ ಮೆಷಿನ್ ಇರುವ ಗೂಡಿನ ಕಬ್ಬಿಣದ ಚೌಕಟ್ಟಿಗೆ ನನ್ನ ಅರ್ತಿಂಗ್ ವೈರನ್ನು ಬಿಗಿದು ಕಟ್ಟಿದೆ. ಅಲ್ಲಿ ಎಂಥದೋ ನಾಲ್ಕೈದು ಸಪೂರ ವೈರುಗಳೂ ಹಾದುಹೋಗಿದ್ದವು. ಇರಲಿ, ಗಟ್ಟಿಯಾಗಲಿ ಎಂದು ಅವುಗಳನ್ನೂ ಸೇರಿಸಿ ಸುತ್ತಿದೆ.

ಸಂಜೆಯಾಯಿತು. ಕಟ್ಟಡದ ಮುಕ್ಕಾಲು ಪಾಲು ಜನ ಪಣಂಬೂರಿನ ಬೀಚಿಗೆ ಹೋಗಿದ್ದರು. ಶಶಿಪ್ರಭಾ ಮೀನು ತರಲು ಗ್ಲ್ಯಾಡಿಸ್, ನಾಝಿಮಾರ ಜೊತೆ ಹೊರಟಿದ್ದಳು. ಪವರ್‌ಫುಲ್ ಸ್ಟೇಶನ್ ಕೂಡ ಬಂದ್! ಅದೃಷ್ಟ ಎಂದರೆ ಇದು! ವಾಚ್‌ಮನ್ ಜಯನನ್ನು "ಹೋಗಿ ಒಂದು ಚಾ ಕುಡಿದು ಬಾ, ನಿಧಾನ ಬಂದ್ರೆ ಸಾಕು" ಎಂದು ಔದಾರ್ಯದಿಂದ ಕಳಿಸಿದೆ. ಅವನು ನನ್ನ ಮುಖವನ್ನೇ ಎರಡು ಸಲ ನೋಡಿ ಹೋದ. ನಾನು ಮೇಯ್ನ್ ಸ್ವಿಚ್ಚನ್ನು ಕೆಳಗೆಳೆದು, ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಬ್ಯಾಟರಿ ಹಾಕಿದ ರೇಡಿಯೋದ ಎದುರು ಪದ್ಮಾಸನ ಹಾಕಿ, ಹೆಡ್‌ಫೋನನ್ನು ಕಿರೀಟದಂತೆ ಧರಿಸಿದೆ.

ಆಹಾ, ಆ ನಿಶ್ಶಬ್ದವನ್ನು ಏನೆಂದು ಬಣ್ಣಿಸಲಿ! ಬಲಾಢ್ಯ ಸ್ಟೇಶನ್ ಹೇಳಿದ ಹೊತ್ತಿಗೆ ಗಪ್ ಎಂದು ನಿಂತಿತು. ಸ್ವಲ್ಪ ಹೊತ್ತು ಸಣ್ಣ ಸೊಯ್ಯೆಂಬ ಸದ್ದು ಮಾತ್ರ. ಅನಂತರ...

ಟ್ರಿಣ್! ಟ್ರಿಣ್! ಟ್ರಿಣ್!

ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತು. ಸ್ಟೇಶನ್ನಿನ ಗುರುತಿನ ಗಂಟೆ! ಕೂಡಲೇ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದೆ. ಗಂಟೆಯ ಬೆನ್ನಿಗೆ ಧಬ್, ಧಬ್, ಧಬಧಬ ಎಂದು ವಾದ್ಯ ಮೊಳಗಿತು. ದ್ವೀಪವಾಸಿಗಳ ಚರ್ಮವಾದ್ಯವೇ ಇರಬೇಕು! ಲಯದಲ್ಲಿ ಸ್ವಲ್ಪ ಸಿಟ್ಟು ಇತ್ತು, ಆದರೆ ಜಾನಪದದಲ್ಲಿ ಅದು ಸಹಜ ಎಂದುಕೊಂಡೆ. ಅದಾದ ಮೇಲೆ ಮನುಷ್ಯರ ಸ್ವರ! ಒಂದಲ್ಲ, ಮೂರು! ಮೂವರು ಹೆಂಗಸರು ಒಟ್ಟಿಗೇ, ಕೊಡದೊಳಗೆ ಬಾಯಿಟ್ಟು ಕೂಗಿದಂತೆ, ಏನನ್ನೋ ಉದ್ಘೋಷಿಸುತ್ತಿದ್ದರು.

ಅರ್ಥವಾಗದ ಭಾಷೆಯನ್ನೂ ಕಿವಿಯಿಂದಲೇ ಗುರುತಿಸಬಲ್ಲೆ ಎಂಬುದು ನನ್ನ ಬಹುದಿನದ ಹೆಮ್ಮೆ. ಕಣ್ಣು ಮುಚ್ಚಿ ವಿಶ್ಲೇಷಣೆಗೆ ಇಳಿದೆ. ಒಬ್ಬಳು ಶಾಂತವಾಗಿ "ಸಬೂರ್, ಸಬೂರ್" ಎನ್ನುತ್ತಿದ್ದಳು. ತಾಳ್ಮೆ ಎಂಬ ಅರ್ಥದ ಅರಬ್ಬಿ! ಇನ್ನೊಬ್ಬಳು "ಜನೆಲ್ ನಾ, ಜನೆಲ್ ನಾ" ಎಂದು ಅಳುದನಿ ತೆಗೆದಿದ್ದಳು. ಪೋರ್ಚುಗೀಸರು ಕಿಟಕಿಗೆ ಜನೆಲಾ ಎನ್ನುತ್ತಾರೆಂದು ಎಲ್ಲೋ ಓದಿದ್ದೆ! ಮೂರನೆಯವಳ ಗಂಟಲು ಎಲ್ಲರಿಗಿಂತ ದೊಡ್ಡದು. "ಬಲೆ! ಬಲೆ! ಬೇಗ ಬಲೆ!" ನಡುನಡುವೆ "ಮೀನ್" ಎಂದೂ ಕೇಳಿಸಿತು. ಬಲೆ, ಮೀನು! ನಮ್ಮ ದ್ರಾವಿಡ ಭಾಷೆಯ ಎಳೆ ಕಡಲು ದಾಟಿ ಅಲ್ಲಿಯವರೆಗೆ ಹೋಗಿದೆಯಲ್ಲ! ಅರಬ್ಬಿ, ಪೋರ್ಚುಗೀಸ್, ದ್ರಾವಿಡ ಮೂರೂ ಕಲಸಿ ಮಾತಾಡುವ ಜನ ಈ ಭೂಮಿಯ ಮೇಲೆ ಬೇರೆಲ್ಲಿ ಇರಲು ಸಾಧ್ಯ? ಆ ದ್ವೀಪದಲ್ಲಿ ಮಾತ್ರ!

ಸಂದೇಶದ ಅರ್ಥವೂ ನನಗೆ ಹೊಳೆದುಬಿಟ್ಟಿತು. ಮೀನುಗಾರರಿಗೆ ಹವಾಮಾನದ ಎಚ್ಚರಿಕೆ: 'ಗಾಳಿ ಬರುತ್ತಿದೆ. ಬಲೆ ಬೇಗ ಎಳೆಯಿರಿ. ಕಿಟಕಿ ಮುಚ್ಚಿ. ತಾಳ್ಮೆ ಇರಲಿ.' ಅಯ್ಯೋ ಪಾಪ, ಬಡ ಮೀನುಗಾರರೇ ಎಂದು ಕಣ್ಣಲ್ಲಿ ನೀರು ಬಂತು.

ಸಾಕ್ಷಿಗೆ ಶಶಿಪ್ರಭಾ ಬೇಕಿತ್ತು. ಅವಳ ಕಿವಿಗೇ ಹೆಡ್‌ಫೋನ್ ಹಾಕಿ ಕೋಣೆಯ ವ್ಯಾಜ್ಯ ಮುಗಿಸಬೇಕೆಂದು ಫೋನ್ ಮಾಡಿದೆ. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದಿತು. ನೋಡಿ ವಿಜ್ಞಾನದ ವೈಚಿತ್ರ್ಯ! ಕಡಲಾಚೆಯ ದ್ವೀಪ ಕಿವಿಯೊಳಗಿದೆ, ಮೀನು ತರಲು ಹೋದ ಹೆಂಡತಿ ವ್ಯಾಪ್ತಿಯ ಹೊರಗಿದ್ದಾಳೆ!

ರೆಕಾರ್ಡಿಂಗನ್ನು ಬಳಗಕ್ಕೆ ಹಾಕಿದೆ. 'ಅಭೂತಪೂರ್ವ! ಕೊಡಿಯಾಲ್‌ಬೈಲಿನ ಹೃದಯಭಾಗದಿಂದ, ದ್ವೀಪದ ಮಹಿಳಾ ಮೀನುಗಾರಿಕಾ ಕಾರ್ಯಕ್ರಮ! ಚರ್ಮವಾದ್ಯ ಸಹಿತ!' ಎಂದು ಕೆಳಗೆ ಬರೆದೆ. ಸ್ವಲ್ಪ ಹೊತ್ತಿನಲ್ಲೇ ಸೈಮನ್ ಫೋನ್ ಮಾಡಿದ.

"ಕೇಳಿದೆ ಸರ್ವೋತ್ತಮಣ್ಣ. ಭಾರೀ ಕ್ಲಿಯರ್ ಉಂಟು."

"ಮತ್ತೆಂತ! ಹೊಟ್ಟೆ ಉರೀತದಾ?"

"ಅಲ್ಲ, ಒಂದು ಡೌಟು. ಆ ದ್ವೀಪದಲ್ಲಿ ಬಂಗುಡೆ ಸಿಗ್ತದಾ?"

"ಯಾಕೆ?"

"'ಬಂಗುಡೆ ಪೂರಾ ಹಾಳಾಪುಂಡು' ಅಂತ ಒಬ್ಬರು ತುಳುವಿನಲ್ಲಿ ಬಯ್ತಾ ಇದ್ದಾರೆ."

ನಾನು ಮೊಬೈಲನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ.

"ಮತ್ತೊಬ್ಬರು ನಮ್ಮ ಅಪ್ಪಟ ಕೊಂಕಣಿಯಲ್ಲಿ 'ಸೆಕ್ರೆಟರಿಕ್ ಆಪಯಾ' ಅಂತಿದ್ದಾರೆ. ಸೆಕ್ರೆಟರಿಯನ್ನು ಕರೀರಿ ಅಂತ. ಆ ದ್ವೀಪಕ್ಕೆ ಸೆಕ್ರೆಟರಿ ಯಾರು ಮಾರಾಯ?"

ಓದುಗ ಮಹಾಶಯರೇ, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಐದನೇ ಮಾಳಿಗೆಯಲ್ಲಿ ಕೂತವನಿಗೆ ಅದೂ ದೂರ! ತುಳುವಿನಲ್ಲಿ ಬಲೆ ಎಂದರೆ ಮೀನು ಹಿಡಿಯುವ ಸಾಮಾನಲ್ಲ, 'ಬನ್ನಿ' ಎಂದರ್ಥ. ಹುಟ್ಟಿದಾರಭ್ಯ ಅಜ್ಜಿಯಿಂದ ಹಿಡಿದು ನೆಂಟರವರೆಗೆ ಎಲ್ಲರೂ ಬಲೆ, ಬಲೆ ಎಂದೇ ಕರೆದು ಬೆಳೆಸಿದ ಅಚ್ಚ ತುಳುವ ನಾನು! ಕೊಂಕಣಿಯಲ್ಲಿ 'ಜನೆಲ್ ನಾ' ಎಂದರೆ 'ಕಿಟಕಿ ಇಲ್ಲ' ಎಂದು. ಜನೆಲ್ ಎಂದು ಊರಿನವರೆಲ್ಲ ದಿನಾ ಹೇಳುವುದನ್ನು ಕೇಳುತ್ತಲೇ ಇರುವವನು. ನಾಝಿಮಾರ 'ಸಬೂರ್' ಎಂಬ ಬ್ಯಾರಿ ಮಾತು ದಿನವೂ ಮೆಟ್ಟಿಲಲ್ಲಿ ಕಿವಿಗೆ ಬೀಳುವಂಥದು. ಮಂಗಳೂರಿನ ಮೂರು ಮನೆಮಾತುಗಳು ಒಂದೇ ಲಿಫ್ಟಿನಲ್ಲಿ ಸಿಕ್ಕಿಬಿದ್ದು ಬೊಬ್ಬೆ ಹೊಡೆದರೆ ನನ್ನ ಹೆಡ್‌ಫೋನಿಗೆ ಅದು ಅಂತಾರಾಷ್ಟ್ರೀಯ ಪ್ರಸಾರ! ಮೀನು ಕೊಂಡು ಬಂದ ಮೂವರೂ ಲಿಫ್ಟು ಹತ್ತಿದ ಹೊತ್ತಿಗೇ ನಾನು ಮೇಯ್ನ್ ಸ್ವಿಚ್ ಎಳೆದಿದ್ದೆ. ಟೆರೇಸಿನಲ್ಲಿ ನಾನು ಗಟ್ಟಿಯಾಗಲಿ ಎಂದು ಸುತ್ತಿದ್ದು ಬ್ಯಾಟರಿಯಲ್ಲಿ ನಡೆಯುವ ಲಿಫ್ಟಿನ ತುರ್ತು ಫೋನಿನ ವೈರುಗಳನ್ನು. ಕೆಳಗೆ ಆ ಫೋನು ಬಡಿದುಕೊಳ್ಳಬೇಕಾದದ್ದು ವಾಚ್‌ಮನ್ನಿನ ಕಿವಿಗೆ. ಆ ಕಿವಿಯನ್ನು ನಾನೇ ಚಾ ಕುಡಿಯಲು ಕಳಿಸಿದ್ದೆ. ಬಲೆ ಬೀಸಿದವನು ನಾನು, ಬಿದ್ದವನೂ ನಾನೇ.

ಹೆಡ್‌ಫೋನ್ ಕಿತ್ತೆಸೆದು ಮೊಬೈಲಿನ ಬೆಳಕಿನಲ್ಲಿ ಮೆಟ್ಟಿಲಿಳಿದು ಓಡಿದೆ. ಗಡಿಬಿಡಿಯಲ್ಲಿ ಬೆರಳು ಎಲ್ಲಿ ತಾಗಿತೋ, ರೆಕಾರ್ಡಿಂಗ್ ತಾನೇ ಹಾಡತೊಡಗಿತು. ಟ್ರಿಣ್ ಟ್ರಿಣ್, ಧಬಧಬ, ಬಲೆ ಬಲೆ! ನಾನು ಬೊಬ್ಬೆಗೆ ಹೆದರಿದವನಲ್ಲ. ಆದರೆ ಬೊಬ್ಬೆಯೆಲ್ಲ ನಿಂತ ಮೇಲೆ ರೆಕಾರ್ಡಿಂಗಿನ ಕೊನೆಯಲ್ಲಿ ಶಶಿಪ್ರಭಾಳ ಸ್ವರ ಮಾತ್ರ ಉಳಿಯಿತು. ಸಿಟ್ಟಿಲ್ಲದ, ದಣಿದ ಸ್ವರ.

"ಬಿಡು ಗ್ಲ್ಯಾಡಿಸ್, ಕೂಗಿ ಪ್ರಯೋಜನ ಇಲ್ಲ. ಹತ್ತಿರ ನಿಂತು ಹೇಳಿದ್ರೂ ಅವರಿಗೆ ಕೇಳುವುದಿಲ್ಲ. ಇನ್ನು ಇಲ್ಲಿಂದ ಕೇಳ್ತದಾ?"

ನನ್ನ ಕಾಲು ಮೂರನೇ ಮಾಳಿಗೆಯ ಮೆಟ್ಟಿಲಲ್ಲೇ ನಿಂತಿತು. ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಅಷ್ಟು ದೂರದ, ಅಷ್ಟು ಕ್ಷೀಣವಾದ ಸ್ವರವನ್ನು ನಾನು ಅದುವರೆಗೆ ಯಾವ ದ್ವೀಪದಿಂದಲೂ ಹಿಡಿದಿರಲಿಲ್ಲ. ಲಿಫ್ಟಿನ ಬಾಗಿಲಿಗೆ ಬಾಯಿಟ್ಟು "ಬಂದೆ! ಬಂದೆ!" ಎಂದು ಕೂಗಿ ಮತ್ತೆ ಓಡಿದೆ.

ಮೇಯ್ನ್ ಸ್ವಿಚ್ ಎತ್ತಿದೆ. ಎರಡು ಮಾಳಿಗೆಗಳ ನಡುವೆ ತೂಗುತ್ತಿದ್ದ ಲಿಫ್ಟು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಬಾಗಿಲು ತೆರೆದದ್ದೇ ಮೊದಲು ಹೊರಬಂದದ್ದು ಬಂಗುಡೆಯ ವಾಸನೆ. ಅದರ ಹಿಂದೆ ಮೂವರು, ಬೆವರಿನಲ್ಲಿ ಮಿಂದು.

"ಸಾಯ್ಬಾ ಭೊಗೊಸ್!" ಎಂದು ಗ್ಲ್ಯಾಡಿಸ್ ದೇವರನ್ನು ನೆನೆದು ಶಿಲುಬೆಯ ಗುರುತು ಹಾಕಿಕೊಂಡರು. ಅವರ ಕೈಯಲ್ಲಿ ಒಂದು ಚಪ್ಪಲಿಯಿತ್ತು. ಚರ್ಮವಾದ್ಯ ಅದೇ!

"ಸೆಕ್ರೆಟರಿಯವರೇ, ನಿಮ್ಮ ಮೆಯಿಂಟೆನೆನ್ಸ್ ಎಲ್ಲ ಆಯ್ತಾ?" ಎಂದರು ನಾಝಿಮಾ, ಅದೇ ಶಾಂತ ಸ್ವರದಲ್ಲಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಶಶಿಪ್ರಭಾ ಮೀನಿನ ಚೀಲವನ್ನು ನನ್ನ ಕೈಗೆ ಕೊಟ್ಟು ಕೇಳಿದಳು: "ಮನುಷ್ಯರ ಸ್ವರ ಕೇಳಿತಾ?"

ಸುಳ್ಳು ಹೇಳಬಹುದಿತ್ತು. ಆದರೆ ಕೈಯಲ್ಲಿದ್ದ ಮೊಬೈಲ್ ಆ ಹೊತ್ತಿಗೆ ಸರಿಯಾಗಿ "ಬಲೆ! ಬೇಗ ಬಲೆ!" ಎಂದು ಮೊದಲಿನಿಂದ ಹಾಡತೊಡಗಿತು. ಮೂವರೂ ಕಿವಿಗೊಟ್ಟು ಕೇಳಿದರು. ಗ್ಲ್ಯಾಡಿಸರ ಬಾಯಿ ತೆರೆದಂತೆಯೇ ಉಳಿಯಿತು.

"ಕೇಳಿತು" ಎಂದೆ. "ಕರಾರಿನ ಪ್ರಕಾರ ಸ್ವರ ಕೇಳಿದ್ದು ಹೌದು."

"ಯಾರದ್ದು?"

"ನಿನ್ನದು."

"ಕಡಲಾಚೆಯಿಂದಾ?"

"ಎರಡನೇ ಮಾಳಿಗೆಯ ಆಚೆಯಿಂದ" ಎಂದು ತಲೆ ತಗ್ಗಿಸಿದೆ.

"ಬೆಳಿಗ್ಗೆ ಫೋನಿನಲ್ಲಿ ಸೈಮನಿಗೆ ಎಂತ ಹೇಳಿದ್ರಿ? ನಮ್ಮ ಮನೆಯಲ್ಲಿ ಒಂದು ಪವರ್‌ಫುಲ್ ಸ್ಟೇಶನ್ ಉಂಟು, ಅದು ಬಂದ್ ಆದ್ರೆ ಸಾಕು ಅಂತ ಅಲ್ವಾ? ಸರಿಯೇ ಹೇಳಿದ್ದು ನೀವು. ಆ ಸ್ಟೇಶನ್ ಇವತ್ತು ಅರ್ಧ ಗಂಟೆ ಬಾಯಿ ಮುಚ್ಚಿ ಕೂತಿತ್ತು. ಹಾಗಾಗಿ ನನ್ನ ಸ್ವರ ಕೇಳಿತು ನಿಮಗೆ!"

ಗ್ಲ್ಯಾಡಿಸ್ ಮತ್ತು ನಾಝಿಮಾ ನಕ್ಕ ಸದ್ದು ಲಿಫ್ಟಿನ ಬಾವಿಯಲ್ಲಿ ಐದನೇ ಮಾಳಿಗೆಯವರೆಗೆ ಹತ್ತಿ ಇಳಿಯಿತು. ಜಯ ಆಗ ಚಾ ಕುಡಿದು ಬಂದು, ಎಂತಾಯ್ತು ಎಂದು ಕೇಳಿದ. ನಾನು ಮೀನಿನ ಚೀಲ ಹಿಡಿದು ಮೆಟ್ಟಿಲ ಕಡೆಗೆ ನಡೆದೆ.

ಮರುದಿನವೇ ಮೆಷಿನು ಕೋಣೆಯೊಳಗೆ ಹೋಯಿತು. ಹೊತ್ತು ಸಾಗಿಸಿದವನು ನಾನೇ. ರೇಡಿಯೋ ಬಾಲ್ಕನಿಗೆ ಬಂತು, ಹೊದೆಯಲು ಅದೇ ಪ್ಲಾಸ್ಟಿಕ್ ಶೀಟು. ಕಟ್ಟಡದ ಗ್ರೂಪಿನಲ್ಲಿ ನನ್ನ ಪ್ರಸಾರ ದಿನಕ್ಕೆ ಒಂದೇ ಸಂದೇಶಕ್ಕೆ 'ಮಿತವಾಗಿ' ಇಳಿದಿದೆ. ಸೈಮನ್ ಆ ಸಂಜೆ ಗದ್ದೆಯಲ್ಲಿ ಕೂತು ನಿಜವಾದ ದ್ವೀಪವನ್ನು ಹಿಡಿದಿದ್ದನಂತೆ. ಆದರೆ ಬಳಗದವರು ಅವನ ರೆಕಾರ್ಡಿಂಗನ್ನು ಕೇಳುವುದಿಲ್ಲ, ನನ್ನದನ್ನೇ ಮತ್ತೆ ಮತ್ತೆ ಕೇಳಿ ನಗುತ್ತಾರೆ!

ಮೊನ್ನೆ ಸಂಜೆ ಶೀಟು ಸರಿಸಿ, ಹೆಡ್‌ಫೋನ್ ಹಾಕಿ ಮುಳ್ಳು ತಿರುಗಿಸುತ್ತಿದ್ದೆ. ಒಳಗೆ ಮೂವರದ್ದೂ ಮಾತು, ನಗು, ಹೊಲಿಗೆ ಜೋರಾಗಿ ಸಾಗಿತ್ತು. ಶಶಿಪ್ರಭಾ ಕಿಟಕಿಯಿಂದ ಇಣುಕಿದಳು.

"ಎಂತಾದ್ರೂ ಸಿಕ್ಕಿತಾ?"

"ಎಂತ ಸಿಗುವುದು? ಆ ತುದಿಯಿಂದ ಈ ತುದಿಯವರೆಗೆ ನಿನ್ನ ಮೆಷಿನಿನದ್ದೇ ಗುರ್ರ್!"

"ಭಾರೀ ಒಳ್ಳೇದು" ಎಂದು ಕಿಟಕಿ ಎಳೆದುಕೊಂಡಳು. "ಇನ್ನು ತಿರುಗಿಸುವುದು ಬೇಡ. ಸ್ಟೇಶನ್ ಸರಿಯಾಗಿ ಸಿಕ್ಕಿದೆ!"